ಬಾಣದ ಮೇಲೆ ಏನು ಬರೆಯುತ್ತೀರಿ?

ಮುಂಬಯಿಗೆ ಕುಡಿಯುವ ನೀರು ಶುದ್ಧಗೊಳಿಸುವ ದೊಡ್ಡ ಸ್ಥಾವರ ಇರುವುದು ಭಾಂಡುಪ್‌ನಲ್ಲಿ. ಅದರ ಆಸುಪಾಸಿನಲ್ಲೇ ಬೆಳೆಯುವ ಮಕ್ಕಳಿಗೆ ನೀರಿನ ಪಾಠ ಮಾತ್ರ ನಾಲ್ಕು ಕಡೆ ಚದುರಿದೆ. ಭಾತಸಾ ಅಣೆಕಟ್ಟು ಭೂಗೋಳಕ್ಕೆ, ಪಟಿಕ ವಿಜ್ಞಾನಕ್ಕೆ, ಪಾಲಿಕೆ ಪೌರನೀತಿಗೆ, 1860ರ ವಿಹಾರ್ ಕೆರೆ ಇತಿಹಾಸಕ್ಕೆ, ಅದೂ ಮೇಷ್ಟರು ನೆನಪಿಸಿಕೊಂಡರೆ. ಇವೆಲ್ಲವನ್ನೂ ಒಂದೇ ಹಾಳೆಗೆ ತರಲು ಪರಿಕಲ್ಪನಾ ನಕ್ಷೆಗಿಂತ ಒಳ್ಳೆಯ ಉಪಾಯ ನನಗೆ ಕಾಣದು. ನನ್ನ ತಕರಾರು ಆ ಹೆಸರಿನಲ್ಲಿ ತರಗತಿ, ಟ್ಯೂಷನ್‌ಗಳಲ್ಲಿ ನಡೆಯುವ ಕೆಲಸದ ಬಗ್ಗೆ. ನಡುವೆ ಒಂದು ವೃತ್ತ, ಸುತ್ತ ಆರು ಗೆರೆ, ಬಣ್ಣದ ಪೆನ್ನು. ಬೋರ್ಡಿನಲ್ಲಿದ್ದದ್ದು ಹಾಗೇ ಪುಸ್ತಕಕ್ಕೆ. ಪಟ್ಟಿಯನ್ನೇ ದುಂಡಗೆ ಬರೆದಂತಾಯಿತು, ಅಷ್ಟೆ.

1972ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೋವಾಕ್ ತಂಡ ಈ ನಕ್ಷೆ ರೂಪಿಸಿದ್ದು ಮಕ್ಕಳ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆಂದು ನೋಡಲು. ಅದರಲ್ಲಿ ಗೆರೆ ಬರಿದಾಗಿರುವಂತಿಲ್ಲ. ಮೇಲೊಂದು ಪದವಿದ್ದು, ಎರಡು ಪರಿಕಲ್ಪನೆ ಸೇರಿ ವಾಕ್ಯವಾಗಬೇಕು. ನಮ್ಮ ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಸಂಶೋಧಕರು ಇನ್ನೂ ಬಿಗಿ ಮಾಡಿದರು: ತೋಚಿದ ಪದವಲ್ಲ, ಸಂಬಂಧವನ್ನು ಖಚಿತವಾಗಿ ಹೇಳುವ ನಿಗದಿತ ಪದಗಳನ್ನೇ ಬಳಸಬೇಕು.

ಅದೇಕೆ ಮುಖ್ಯ? 'ಪಟಿಕ ನೀರನ್ನು ಶುದ್ಧ ಮಾಡುತ್ತದೆ', 'ಕ್ಲೋರಿನ್ ನೀರನ್ನು ಶುದ್ಧ ಮಾಡುತ್ತದೆ'. ಎರಡಕ್ಕೂ ಅಂಕ ಸಿಗುತ್ತದೆ, ಎರಡರಲ್ಲೂ ಏನೂ ತಿಳಿಯುವುದಿಲ್ಲ. ಪಟಿಕ ಕೆಸರಿನ ಸಣ್ಣ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಭಾರವಾಗಿ ಅವು ತಳಕ್ಕಿಳಿಯುತ್ತವೆ. ಕ್ಲೋರಿನ್ ರೋಗಾಣು ಕೊಲ್ಲುತ್ತದೆ. ಅಂಟಿಸು, ಇಳಿ, ಸೋಸು, ಕೊಲ್ಲು: ಈ ಕ್ರಿಯಾಪದಗಳು ಮಗುವಿಗೆ ಮನೆಯ ಮಾತಿನಲ್ಲಿ ಮೊದಲೇ ಬರುತ್ತವೆ. ಇಂಗ್ಲಿಷ್ ಮಾಧ್ಯಮದ ಕನ್ನಡ ಮಗು ಪೆಟ್ಟಿಗೆಯೊಳಗೆ ಇಂಗ್ಲಿಷ್ ಪದ ಬರೆದುಕೊಳ್ಳಲಿ, ಬಾಣದ ಮೇಲೆ ಕನ್ನಡವನ್ನೋ ಮರಾಠಿಯನ್ನೋ ಬರೆಯಲು ಬಿಡಿ. ಭಾಷೆ ಬೆರಕೆಯಾಯಿತೆಂದು ಗದರಬೇಡಿ.

ಭಾಂಡುಪ್ ಪಶ್ಚಿಮದ ಗುಡ್ಡದ ಮೇಲಿನ ಚಾಳಿನ ಹುಡುಗಿ ಕೇಳಬಹುದಾದ ಪ್ರಶ್ನೆ ಒಂದಿದೆ: ಸ್ಥಾವರ ಇಷ್ಟು ಹತ್ತಿರ, ನಮ್ಮ ನಲ್ಲಿಯಲ್ಲಿ ನೀರೇಕೆ ಸಣ್ಣಗೆ? 'ಎತ್ತರ'ದಿಂದ 'ಒತ್ತಡ'ಕ್ಕೆ ಬಾಣ ಎಳೆದು 'ತಗ್ಗಿಸುತ್ತದೆ' ಎಂದು ಬರೆಯಬೇಕು; 10 ಮೀಟರ್ ಏರಿದರೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಕಡಿಮೆ. ಮುಂದಿನ ಬಾಣ ಪಂಪಿಗೆ. ಪಂಪಿನಿಂದ ವಾರ್ಡ್ ಆಫೀಸಿಗೆ. ಭೌತಶಾಸ್ತ್ರ ಎಲ್ಲಿ ಮುಗಿದು ಪೌರನೀತಿ ಎಲ್ಲಿ ಶುರುವಾಯಿತೆಂದು ಅವಳಿಗೆ ಗೊತ್ತೂ ಆಗುವುದಿಲ್ಲ.

ಐವತ್ತು ಮಕ್ಕಳ ಐವತ್ತು ಬಗೆಯ ನಕ್ಷೆ ತಿದ್ದುವುದು ಶಿಕ್ಷಕರಿಗೆ ಹೊರೆ, ನಿಜ. ಒಂದೇ ನಕ್ಷೆ ನಕಲಾಗುವುದೂ ಅದಕ್ಕೇ. ಹಾಗಿದ್ದರೆ ಇಡೀ ನಕ್ಷೆ ಬೇಡ. ಪೆಟ್ಟಿಗೆಗಳನ್ನು ತುಂಬಿಸಿ ಕೊಟ್ಟು, ಮೂರು ಬಾಣ ಖಾಲಿ ಬಿಡಿ, ಅಂಕ ಅವಕ್ಕಷ್ಟೇ ಇಡಿ.