ಸಮೀಕ್ಷೆ ಹಟ್ಟಿಗೆ ಮರಳಲಿ

ಪೌರತ್ವ ತರಬೇತಿ ಶಿಬಿರಕ್ಕೆಂದು ಚಿಕ್ಕನಾಯಕನಹಳ್ಳಿ ಸುತ್ತಿನ ಗೊಲ್ಲರಹಟ್ಟಿಗಳಿಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ರಸ್ತೆ ಗುಡಿಸುತ್ತಾರೆ, ಮನೆಮನೆ ಸಮೀಕ್ಷೆ ಮಾಡುತ್ತಾರೆ. ವರದಿ ಮಾತ್ರ ಕಾಲೇಜಿನ ಬೀರು ಸೇರುತ್ತದೆ. ಇದನ್ನು ಸೇವೆಯೆಂದು ಕರೆಯಲು ನನಗೆ ಮನಸ್ಸಿಲ್ಲ.

ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿರಿಸುವ ರೂಢಿ ಕಾಡುಗೊಲ್ಲರಲ್ಲಿ ಹಲವೆಡೆ ಇನ್ನೂ ಉಳಿದಿದೆ. ಬಲವಂತವಾಗಿ ಹೀಗೆ ದೂರವಿಡುವುದನ್ನು ರಾಜ್ಯದ 2017ರ ಕಾಯ್ದೆ ನಿಷೇಧಿಸಿದೆ. ಆದರೂ ಮನೆಯಲ್ಲಿ ಶೌಚಾಲಯ ಇದೆಯೇ ಎಂದು ಕೇಳುವ ನಮ್ಮ ನಮೂನೆ, ಆ ದಿನಗಳಲ್ಲಿ ಹುಡುಗಿ ಶಾಲೆಗೆ ಬರುತ್ತಾಳೆಯೇ ಎಂದು ಕೇಳುವುದಿಲ್ಲ.

ಪ್ರಶ್ನೆಗಳನ್ನು ಹಟ್ಟಿಯ ತಾಯಂದಿರೊಡನೆ ಕೂತು ರೂಪಿಸೋಣ. ಉತ್ತರಗಳನ್ನು, ಯಾರ ಹೆಸರೂ ಎತ್ತದೆ, ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳೋಣ. ಹುಡುಗಿಯರಿಗೆ ತಪ್ಪಿದ ಪಾಠಗಳನ್ನು ಬೋಧನಾಭ್ಯಾಸದ ವಾರಗಳಲ್ಲೇ ಮತ್ತೆ ಕಲಿಸೋಣ. ಶಿಬಿರದ ಅಂಕ ಕೊಡುವುದಾದರೆ ಇವಕ್ಕೆ ಕೊಡೋಣ.