ಫೋಕಸ್ ಲೈಟು ಹಾಕುವ ಮುನ್ನ: ಗಡಿಸೀಮೆಯ ಬಂಧುಗಳಲ್ಲಿ ಒಂದು ಮನವಿ

ಚಿಲಮತ್ತೂರು, ಲೇಪಾಕ್ಷಿ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಬಂಧುಗಳೇ, ಬಾಗೇಪಲ್ಲಿ, ಗೌರಿಬಿದನೂರು, ಪಾವಗಡದಿಂದ ದಿನವೂ ಇತ್ತ ಬಂದು ದುಡಿದು ಹೋಗುವ ಅಣ್ಣತಮ್ಮಂದಿರೇ,

ನಮ್ಮ ಸೀಮೆಯಲ್ಲಿ ಈಗ ರಾತ್ರಿಯೂ ಕೆಲಸ ನಿಲ್ಲುವುದಿಲ್ಲ. 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಕೊಡಿಕೊಂಡ ಚೆಕ್‌ಪೋಸ್ಟಿನ ಆಚೀಚೆ ಟ್ಯಾಂಕರುಗಳು ಬೆಳಗಿನ ಜಾವದವರೆಗೂ ಓಡಾಡುತ್ತವೆ. ಹಿಂದೂಪುರದ ಬಳಿ ತೂಮುಕುಂಟ, ಗೊಳ್ಳಾಪುರಂಗಳಲ್ಲಿ ಕಾರ್ಖಾನೆಗಳಿವೆ. ಪೆನುಕೊಂಡದ ಹತ್ತಿರ 2019ರಿಂದ ಕಾರು ತಯಾರಾಗುತ್ತಿದೆ. ಕಲ್ಯಾಣದುರ್ಗದ ಕಡೆ ಸುಗ್ಗಿ ಬಂತೆಂದರೆ ಕಡಲೆಕಾಯಿ ಸುಲಿಯುವ ಮಿಲ್ಲುಗಳಿಗೆ ಬಿಡುವೇ ಇರುವುದಿಲ್ಲ. ರಾತ್ರಿ ಕೆಲಸವೆಂದರೆ ಬೆಳಕು ಬೇಕು, ಕಳ್ಳರ ಭಯಕ್ಕೂ ಬೇಕು. ಹಾಗಾಗಿ ಬಂಕಿನ ಹಿಂದೆ, ಗೋದಾಮಿನ ಮುಂದೆ, ಮಿಲ್ಲಿನ ಮಾಡಿನ ಕೆಳಗೆ ಫೋಕಸ್ ಲೈಟುಗಳು ಏರುತ್ತಿವೆ. ಬೆಳಕು ಬೇಡ ಎನ್ನುವುದಕ್ಕೆ ಈ ಮನವಿಯಲ್ಲ. ಪೆಟ್ರೋಲಿನ ಆವಿ, ಗ್ಯಾಸು, ಥಿನ್ನರಿನ ಹಬೆ, ಹೊತ್ತಿಕೊಳ್ಳುವ ಧೂಳು ಇರುವ ಜಾಗದಲ್ಲಿ ಯಾವ ದೀಪ, ಎಷ್ಟು ದೂರದಲ್ಲಿ, ಯಾರ ಕೈಯಿಂದ ಎಂದು ಮೊದಲು ಕೇಳಿ ಎನ್ನುವುದಷ್ಟೇ ನನ್ನ ಕಳಕಳಿ.

ಪೆಟ್ರೋಲ್ ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅಂದರೆ ನಮ್ಮೂರಿನ ಧನುರ್ಮಾಸದ ಚಳಿಯೂ ಅದನ್ನು ತಡೆಯಲಾರದು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆದ್ದು ಹೋಗದೆ, ಮಳೆನೀರಿನ ಹಾಗೆ ತಗ್ಗು ಹುಡುಕಿಕೊಂಡು ನೆಲದ ಮೇಲೆ ಹರಿದು ಚರಂಡಿಯಲ್ಲಿ, ಕೇಬಲ್ ಹಾಕಿದ ಕಾಲುವೆಯಲ್ಲಿ, ವಾಲ್ವಿನ ಗುಂಡಿಯಲ್ಲಿ ಮಡುಗಟ್ಟುತ್ತದೆ. ಅಡುಗೆ ಗ್ಯಾಸಿನದೂ ಇದೇ ಸ್ವಭಾವ. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಸುಮಾರು ಒಂದೂವರೆ ಪಾಲು ಸೇರಿದರೆ ಸಾಕು, ಉರಿಯಲು ಅದು ಸಿದ್ಧ. ಹೊತ್ತಿಸಲು 0.2 ಮಿಲಿಜೌಲಿನಷ್ಟು ಕಿಡಿ ಸಾಕು. ಪ್ಲಗ್ ಕಿತ್ತಾಗ ಕಣ್ಣಿಗೆ ಕಾಣುವ ಕಿಡಿಯಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಶಕ್ತಿಯಿರುತ್ತದೆ.

ಇದೆಲ್ಲ ಪುಸ್ತಕದ ಮಾತಲ್ಲ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದಲ್ಲಿ ಇಂಡಿಯನ್ ಆಯಿಲ್ ಡಿಪೊದಲ್ಲಿ ಪೆಟ್ರೋಲ್ ಸೋರಿತು. ಒಂದು ಗಂಟೆಗೂ ಹೆಚ್ಚು ಹೊತ್ತು ಆವಿ ಹರಡಿ, ಆಮೇಲೆ ಸಿಡಿಯಿತು. 11 ಮಂದಿ ಸತ್ತರು, ಬೆಂಕಿ ದಿನಗಟ್ಟಲೆ ಉರಿಯಿತು. ಎಂ.ಬಿ. ಲಾಲ್ ನೇತೃತ್ವದ ತನಿಖಾ ಸಮಿತಿ ಕಿಡಿಯ ಮೂಲದ ಬಗ್ಗೆ ಎರಡು ಸಾಧ್ಯತೆಗಳನ್ನು ಮುಂದಿಟ್ಟಿತು. ಒಂದು, ಆವರಣದಲ್ಲಿ ಸ್ಟಾರ್ಟ್ ಮಾಡಿದ ವಾಹನ. ಇನ್ನೊಂದು, ಆಡಳಿತ ಕಟ್ಟಡದಲ್ಲಿದ್ದ, ಫ್ಲೇಮ್‌ಪ್ರೂಫ್ ಅಲ್ಲದ ವಿದ್ಯುತ್ ಉಪಕರಣ. ಟ್ಯಾಂಕಿನಿಂದ ದೂರವಿದೆ, ಇಲ್ಲೇನಾಗುತ್ತದೆ ಎಂದುಕೊಂಡು ಹಾಕಿದ ಸಾಧಾರಣ ಸಾಮಾನಿನ ಮೇಲೂ ಅನುಮಾನ ಬಿತ್ತು. ನಮ್ಮ ಆಂಧ್ರದಲ್ಲೇ, 2024ರ ಆಗಸ್ಟ್ 21ರಂದು, ಅಚ್ಯುತಾಪುರಂನ ವಿಶೇಷ ಆರ್ಥಿಕ ವಲಯದ ಔಷಧ ಕಾರ್ಖಾನೆಯಲ್ಲಿ ದ್ರಾವಕ ಸೋರಿ, ಆವಿ ಸಿಡಿದು 17 ಜನ ಪ್ರಾಣ ಕಳೆದುಕೊಂಡರು. ಸೋರಿದ ದ್ರಾವಕಕ್ಕೆ ವಿದ್ಯುತ್ ಪ್ಯಾನಲಿನ ಕಿಡಿ ತಾಗಿತೆಂದು ಆಗ ವರದಿಯಾಗಿತ್ತು. ಎರಡೂ ಕಡೆ ಸೋರಿದ್ದು ಒಂದು ತಪ್ಪು. ಸೋರಿದ್ದಕ್ಕೆ ಕಿಡಿ ಸಿಕ್ಕಿದ್ದು ಇನ್ನೊಂದು ತಪ್ಪು. ಸೋರಿಕೆಯನ್ನು ಪೂರ್ತಿ ತಡೆಯುವುದು ಕಷ್ಟ, ಕಿಡಿಯನ್ನು ಮಾತ್ರ ಮೊದಲೇ ತಡೆಯಬಹುದು.

ನಮ್ಮಲ್ಲಿ ಮೂರು ತಪ್ಪು ನಂಬಿಕೆಗಳು ಬೇರೂರಿವೆ.

ಎಲ್‌ಇಡಿ ತಣ್ಣಗಿರುತ್ತದೆ, ಅದರಿಂದ ಅಪಾಯವಿಲ್ಲ ಎಂಬುದು ಮೊದಲನೆಯದು. ಹಳೆಯ ಹ್ಯಾಲೊಜನ್ನಿನಷ್ಟು ಅದು ಕಾಯುವುದಿಲ್ಲ, ನಿಜ. ಆದರೆ ಅದರೊಳಗೆ ಡ್ರೈವರ್ ಇದೆ, ಟರ್ಮಿನಲ್ಲುಗಳಿವೆ, ಹಿಂದೆ ಜಾಯಿಂಟು ಇದೆ. ಸ್ಕ್ರೂ ಸಡಿಲವಾದ ಒಂದು ಟರ್ಮಿನಲ್ ಸಾಕು, ಕಿಡಿ ಹಾರುತ್ತದೆ.

ಐಪಿ 65 ಎಂದು ಬರೆದಿದ್ದರೆ ಎಲ್ಲಿಗೆ ಬೇಕಾದರೂ ಹಾಕಬಹುದು ಎಂಬುದು ಎರಡನೆಯದು. ಆ ಅಂಕಿ ಹೇಳುವುದು ಧೂಳು, ನೀರು ಒಳಗೆ ಹೋಗುವುದಿಲ್ಲ ಎಂದು ಮಾತ್ರ. ಒಳಗಿನ ಕಿಡಿ ಹೊರಗೆ ಬರುವುದಿಲ್ಲ ಎಂಬ ಭರವಸೆ ಅದರಲ್ಲಿಲ್ಲ.

ಫ್ಲೇಮ್‌ಪ್ರೂಫ್ ಲೈಟು ತಂದರೆ ಕೆಲಸ ಮುಗಿಯಿತು ಎಂಬುದು ಮೂರನೆಯದು. ಹೆಚ್ಚು ಅಪಾಯ ಇದರಲ್ಲೇ, ಏಕೆಂದರೆ ದುಡ್ಡು ಖರ್ಚು ಮಾಡಿದ ಧೈರ್ಯ ನಮ್ಮ ಕಣ್ಣು ಮುಚ್ಚಿಸುತ್ತದೆ. ಫ್ಲೇಮ್‌ಪ್ರೂಫ್ ಪೆಟ್ಟಿಗೆಯೊಳಕ್ಕೆ ಗ್ಯಾಸು ಹೋಗುವುದೇ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಗ್ಯಾಸು ಒಳಗೆ ಹೋಗಬಹುದು, ಒಳಗೇ ಸಿಡಿಯಲೂಬಹುದು. ಆ ಸಿಡಿತವನ್ನು ತಡೆದುಕೊಳ್ಳುವಷ್ಟು ಪೆಟ್ಟಿಗೆ ಗಟ್ಟಿಯಾಗಿರುತ್ತದೆ. ಮುಚ್ಚಳ ಕೂರುವ ಫ್ಲೇಂಜಿನ ಕಿರಿದಾದ, ಉದ್ದನೆಯ ಸಂದಿನಲ್ಲಿ ಹಾದು ಬರುವಷ್ಟರಲ್ಲಿ ಜ್ವಾಲೆ ತಣ್ಣಗಾಗಿ, ಹೊರಗಿನ ಆವಿಯನ್ನು ಹೊತ್ತಿಸದಂತಾಗುತ್ತದೆ. ಆ ಸಂದೇ ಅದರ ಜೀವ. ಆ ಮೇಲ್ಮೈಗೆ ಬಣ್ಣ ಬಳಿದರೆ, ಸ್ಕ್ರೂಡ್ರೈವರಿನಿಂದ ಮೀಟಿ ಗೀರಿದರೆ, ಸಿಗದ ಬೋಲ್ಟೊಂದನ್ನು ಹಾಗೇ ಬಿಟ್ಟರೆ, ಸಾವಿರಾರು ರೂಪಾಯಿಯ ಲೈಟು ಸಾಧಾರಣ ಲೈಟಿಗೆ ಸಮ. ಕೇಬಲ್ ಒಳಹೋಗುವ ತೂತಿನದೂ ಇದೇ ಕಥೆ. ಅಲ್ಲಿ ಫ್ಲೇಮ್‌ಪ್ರೂಫ್ ಡಬಲ್ ಕಂಪ್ರೆಷನ್ ಗ್ಲ್ಯಾಂಡೇ ಬೇಕು. ಬಳಸದ ತೂತಿಗೆ ಪ್ರಮಾಣಿತ ಸ್ಟಾಪಿಂಗ್ ಪ್ಲಗ್ಗೇ ಬೇಕು. ಎಂ-ಸೀಲ್ ಮೆತ್ತಿ, ಟೇಪು ಸುತ್ತಿದರೆ ಮಳೆಗಷ್ಟೇ ತಡೆ.

ಇನ್ನು ನಮ್ಮ ಬಿಸಿಲಿನ ಮಾತು. ಇಂಥ ಲೈಟಿನ ಮೇಲೆ ಟಿ1ರಿಂದ ಟಿ6ರವರೆಗೆ ಒಂದು ಗುರುತಿರುತ್ತದೆ. ಅದರ ಮೈ ಎಷ್ಟು ಕಾಯಬಹುದು ಎಂಬುದಕ್ಕೆ ಅದು ಮಿತಿ: ಟಿ3 ಎಂದರೆ 200 ಡಿಗ್ರಿ, ಟಿ4 ಎಂದರೆ 135, ಟಿ6 ಎಂದರೆ 85. ಹಿಂಡಿಯಿಂದ ಎಣ್ಣೆ ತೆಗೆಯಲು ಬಳಸುವ ಹೆಕ್ಸೇನಿನ ಆವಿ ಸುಮಾರು 225 ಡಿಗ್ರಿ ಬಿಸಿಗೆ ಕಿಡಿಯಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಅಲ್ಲಿಗೆ ಟಿ3 ಅಥವಾ ಅದಕ್ಕಿಂತ ತಣ್ಣನೆಯದೇ ಆಗಬೇಕು. ಆದರೆ ಬೇರೆ ಗುರುತು ಹಾಕಿರದಿದ್ದರೆ, ಲೈಟಿನ ಪ್ರಮಾಣಪತ್ರ ಸುತ್ತಲಿನ ಗಾಳಿ 40 ಡಿಗ್ರಿ ಮೀರದ ಜಾಗಕ್ಕೆ ಮಾತ್ರ ಅನ್ವಯ. ಅನಂತಪುರ ಸೀಮೆಯ ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ 40 ದಾಟುತ್ತದೆ, ಸಿಮೆಂಟು ಶೀಟಿನ ಕೆಳಗೆ ಕೇಳುವುದೇ ಬೇಡ. ಆದ್ದರಿಂದ ಲೈಟಿನ ಪಟ್ಟಿಯ ಮೇಲೆ 50 ಅಥವಾ 55 ಡಿಗ್ರಿಗೆ ಒಪ್ಪಿದೆ ಎಂದು ನಮೂದಾಗಿದೆಯೇ ನೋಡಿಯೇ ಕೊಳ್ಳಿ. ದೆಹಲಿ, ಪುಣೆಯ ಕ್ಯಾಟಲಾಗು ಕಲ್ಯಾಣದುರ್ಗದ ಬಿಸಿಲನ್ನು ಕಂಡಿಲ್ಲ.

ಮಿಲ್ಲಿನವರಿಗೆ ಪ್ರತ್ಯೇಕ ಮಾತು. ಕಡಲೆಕಾಯಿ ಸಿಪ್ಪೆಯ ಹುಡಿ, ಹಿಟ್ಟು, ಮೆಣಸಿನಪುಡಿ ಗಾಳಿಯಲ್ಲಿ ತೇಲುವಾಗ ಸಿಡಿಯಬಲ್ಲವು. ಲೈಟಿನ ಹಿಂಬದಿಯ ಫಿನ್ನುಗಳ ಮೇಲೆ ಪದರವಾಗಿ ಕೂತಾಗ ಶಾಖ ಹೊರಹೋಗದೆ ಒಳಗೊಳಗೇ ಕನಲಬಲ್ಲವು. ಹಾಗಾಗಿ ಧೂಳಿಗೆಂದೇ ಪ್ರಮಾಣಿತವಾದ ಲೈಟು ಬೇರೆ ಇದೆ, ಗ್ಯಾಸಿಗೆ ಹೇಳಿದ್ದನ್ನು ಕಣ್ಣು ಮುಚ್ಚಿ ಧೂಳಿಗೆ ಹಾಕಬೇಡಿ. ಲೈಟು ಒರೆಸುವುದನ್ನು ವಾರದ ಕೆಲಸದ ಪಟ್ಟಿಯಲ್ಲಿ ಬರೆದಿಡಿ, ಒರೆಸುವ ಮೊದಲು ಕರೆಂಟು ತೆಗೆಯಿರಿ.

ಕಾನೂನು ಈ ವಿಷಯದಲ್ಲಿ ಹಳೆಯದೂ ಹೌದು, ಸ್ಪಷ್ಟವೂ ಹೌದು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಮು, ಸಿಡಿಯಬಲ್ಲ ಧೂಳು, ಗ್ಯಾಸು, ಹಬೆ ಇರುವೆಡೆ ಕಿಡಿಯ ಎಲ್ಲ ಮೂಲಗಳನ್ನೂ ದೂರವಿಡಬೇಕು, ಇಲ್ಲವೇ ಭದ್ರವಾಗಿ ಮುಚ್ಚಬೇಕು ಎನ್ನುತ್ತಿತ್ತು. ಟ್ಯಾಂಕು, ಗುಂಡಿಯಂಥ ಇಕ್ಕಟ್ಟಾದ ಜಾಗದೊಳಗೆ, ತಕ್ಕ ರಕ್ಷಣಾ ಸಾಧನವಿಲ್ಲದೆ 24 ವೋಲ್ಟಿಗಿಂತ ಹೆಚ್ಚಿನ ಕೈದೀಪ ಕೂಡದು, ಉರಿಯುವ ಹಬೆ ಇರಬಹುದಾದಲ್ಲಿ ಫ್ಲೇಮ್‌ಪ್ರೂಫ್ ಬಿಟ್ಟು ಬೇರೆ ದೀಪವೇ ಕೂಡದು ಎಂದೂ ಅದೇ ಕಾಯ್ದೆ ಹೇಳುತ್ತಿತ್ತು. ಪೆಟ್ರೋಲ್ ಬಂಕಿನ ಲೈಸೆನ್ಸು ಒಪ್ಪಿತ ನಕ್ಷೆಯ ಮೇಲೆ ನಿಂತಿದೆ. ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯನ್ನು (ಪೆಸೊ) ಕೇಳದೆ ಅದರಲ್ಲಿ ಬದಲಾವಣೆ ಮಾಡುವಂತಿಲ್ಲ. ಅಪಾಯದ ಜಾಗಗಳನ್ನು ವಿಂಗಡಿಸುವುದು ಹೇಗೆಂದು ಭಾರತೀಯ ಮಾನಕ ಐಎಸ್ 5572, ಅಲ್ಲಿಗೆ ಉಪಕರಣ ಆರಿಸಿ ಹಾಕುವುದು ಹೇಗೆಂದು ಐಎಸ್ 5571 ತಿಳಿಸುತ್ತವೆ. ಆವಿ ಸದಾ ಇರುವ ಜಾಗ ವಲಯ 0, ಕೆಲಸದ ಹೊತ್ತಿನಲ್ಲಿ ಬರಬಹುದಾದದ್ದು ವಲಯ 1, ಅಪರೂಪಕ್ಕೆ, ಅದೂ ಸ್ವಲ್ಪ ಹೊತ್ತು ಮಾತ್ರ ಬರಬಹುದಾದದ್ದು ವಲಯ 2.

ಈ ವಿಂಗಡಣೆಯಲ್ಲೇ ಕಡಿಮೆ ಖರ್ಚಿನ ದಾರಿಯೂ ಇದೆ. ವಲಯ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾದರೆ, ಕಂಬವನ್ನು ಅದರಾಚೆ ನೆಟ್ಟು, ಎತ್ತರದಿಂದ ಬೆಳಕನ್ನು ಒಳಕ್ಕೆ ಹಾಯಿಸಬಹುದು. ಬಂಕಿನ ಚಾವಣಿಯ ಎತ್ತರದ ದೀಪಗಳು ಸಾಮಾನ್ಯವಾಗಿ ವಲಯದ ಹೊರಗೇ ಇರುತ್ತವೆ, ಅವುಗಳಿಗೆ ಹೆದರಬೇಕಿಲ್ಲ. ಹೆದರಬೇಕಾದ್ದು ರಾತ್ರಿ ಟ್ಯಾಂಕರಿನಿಂದ ಪೆಟ್ರೋಲ್ ಇಳಿಸುವಾಗ ಯಾರೋ ಎಕ್ಸ್‌ಟೆನ್ಷನ್ ಬಾಕ್ಸು ಎಳೆದು ತಂದು ನೆಲದ ಮೇಲಿಡುವ ಫೋಕಸ್ ಲೈಟಿಗೆ. ಆವಿ ನೆಲದ ಮೇಲೇ ಇರುತ್ತದೆ, ಆ ಪ್ಲಗ್ಗೂ ಅಲ್ಲೇ ಇರುತ್ತದೆ.

ಆದ್ದರಿಂದ ನನ್ನ ಬೇಡಿಕೆಗಳು ಇಷ್ಟು.

ಬಂಕು, ಮಿಲ್ಲು, ಗ್ಯಾಸ್ ಗೋದಾಮು, ಪೇಂಟ್ ಶೆಡ್ಡುಗಳ ಮಾಲೀಕರೇ, ಲೈಟು ಕೊಳ್ಳುವ ಮೊದಲು ನಿಮ್ಮ ಜಾಗದ ವಲಯದ ನಕ್ಷೆ ತೆಗೆಸಿ. ಹೊರಗಿನಿಂದ ಬೆಳಗಿಸಲು ಆಗುವುದಾದರೆ ಹಾಗೇ ಮಾಡಿ. ಒಳಗೇ ಹಾಕಬೇಕಾದರೆ ಪ್ರಮಾಣಪತ್ರದ ಪ್ರತಿ ಕೇಳಿ ಪಡೆದು, ಅದರಲ್ಲಿನ ನಂಬರೂ ಲೈಟಿನ ಮೇಲಿನ ನಂಬರೂ ಒಂದೇ ಇದೆಯೇ ನೋಡಿ. ಅಂಗಡಿಯವನ ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ.

ವೈರಿಂಗ್ ಕೆಲಸದ ಅಣ್ಣಂದಿರೇ, ನಿಮ್ಮ ಕೈ ಚಳಕದ ಮೇಲೆ ನನಗೆ ಗೌರವವಿದೆ. ಆದರೆ ಇದು ಮದುವೆ ಚಪ್ಪರದ ಲೈಟಿಂಗ್ ಅಲ್ಲ. ಲೈಸೆನ್ಸು ಇರುವ ಕಂಟ್ರಾಕ್ಟರು, ಸೂಪರ್‌ವೈಸರು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಆರ್ಮರ್ಡ್ ಕೇಬಲ್ ಎಳೆಯಿರಿ, ವಲಯದೊಳಗೆ ನಡುವೆ ಜಾಯಿಂಟು ಬೇಡ. ಕೇಬಲಿನ ಕಾಲುವೆಗೆ ಮರಳು ತುಂಬಿ, ಇಲ್ಲದಿದ್ದರೆ ಆವಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಫೇಸು, ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್ಚು ವಲಯದ ಹೊರಗಿರಲಿ. ಲೋಹದ ಮೈಗೆ ಎರಡು ಪ್ರತ್ಯೇಕ ಅರ್ಥಿಂಗ್ ಕೊಡಿ. ಲೈಟಿನ ಪೆಟ್ಟಿಗೆಗೆ ಹೊಸ ತೂತು ಕೊರೆದರೆ ಅದರ ಪ್ರಮಾಣಪತ್ರ ಅಲ್ಲಿಗೇ ಮುಗಿಯಿತು. ಕರೆಂಟು ತೆಗೆದು, ಬೀಗ ಹಾಕಿ, ಲೈಟಿನ ಮೇಲೆ ಬರೆದಷ್ಟು ನಿಮಿಷ ಕಾದು, ಗ್ಯಾಸಿಲ್ಲವೆಂದು ಮೀಟರಿನಲ್ಲಿ ನೋಡಿ ಮುಚ್ಚಳ ತೆಗೆಯಿರಿ. ಮಾಲೀಕ ಅವಸರ ಮಾಡಿದರೆ ಆಗುವುದಿಲ್ಲ ಎನ್ನಿ. ಏಣಿಯ ಮೇಲಿರುವವರು ನೀವು, ಅವರಲ್ಲ.

ಪಟಾಕಿ ವ್ಯಾಪಾರಿಗಳೇ, 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಜನ, ಬಹುಪಾಲು ದುಡಿಯಲು ಬಂದ ಹುಡುಗರು, ಸುಟ್ಟುಹೋದದ್ದನ್ನು ಮರೆಯಬೇಡಿ. ಹಬ್ಬದ ತಾತ್ಕಾಲಿಕ ಮಳಿಗೆಗಳಲ್ಲಿ ಬಲ್ಬನ್ನು ವೈರಿನಲ್ಲಿ ಜೋತುಬಿಡಬಾರದು, ಗೋಡೆಗೋ ಸೂರಿಗೋ ಭದ್ರವಾಗಿ ಕೂರಿಸಬೇಕು, ಸಾಲಿಗೊಂದು ಮಾಸ್ಟರ್ ಸ್ವಿಚ್ಚಿರಬೇಕು ಎಂದು 2008ರ ಸ್ಫೋಟಕ ನಿಯಮಗಳು ಹೇಳುತ್ತವೆ. ಅದನ್ನು ಪಾಲಿಸಲು ದೊಡ್ಡ ಖರ್ಚೇನೂ ಇಲ್ಲ.

ಕಾರ್ಖಾನೆ, ವಿದ್ಯುತ್, ಅಗ್ನಿಶಾಮಕ ಇಲಾಖೆಯ ಅಧಿಕಾರಿಗಳೇ, ತಪಾಸಣೆಗೆ ಬಂದಾಗ ಕಾಗದದ ಜೊತೆಗೆ ಒಂದು ಗ್ಲ್ಯಾಂಡು, ಒಂದು ಬೋಲ್ಟೂ ನೋಡಿ. ಈ ಸೀಮೆಯ ವೈರ್‌ಮನ್ನುಗಳಲ್ಲಿ ಎಷ್ಟೋ ಜನ ಕನ್ನಡ ಮಾತಾಡುವವರು. ಎಚ್ಚರಿಕೆಯ ಫಲಕ, ತರಬೇತಿಯ ಪಾಠ ತೆಲುಗಿನ ಜೊತೆ ಕನ್ನಡದಲ್ಲೂ ಇರಲಿ. ಓದಲಾಗದ ಎಚ್ಚರಿಕೆ ಯಾರ ಪ್ರಾಣವನ್ನೂ ಉಳಿಸದು.

ಊರಿನವರೇ, ಬಂಕಿನಲ್ಲಿ ಟ್ಯಾಂಕರಿನ ಪಕ್ಕ ನೆಲದ ಮೇಲೆ ಲೈಟು ಉರಿಯುವುದು ಕಂಡರೆ, ಗ್ಯಾಸ್ ಗೋದಾಮಿನಲ್ಲಿ ವೈರು ಜೋತಾಡುವುದು ಕಂಡರೆ ಸುಮ್ಮನೆ ಹೋಗಬೇಡಿ. ಮ್ಯಾನೇಜರನ್ನು ಕರೆದು ಹೇಳಿ. ಕೇಳದಿದ್ದರೆ ತಹಶೀಲ್ದಾರರ ಕಚೇರಿಗೆ ಒಂದು ಅರ್ಜಿ ಕೊಡಿ.

ಈ ವಾರದಲ್ಲೇ ಒಂದು ಹಗಲು ಹೊತ್ತು ನಿಮ್ಮ ಆವರಣದಲ್ಲಿ ತಿರುಗಾಡಿ, ಪ್ರತಿ ಫೋಕಸ್ ಲೈಟಿನ ಕೆಳಗೂ ನಿಂತು ನೋಡಿ. ಇದರ ಸುತ್ತ ಆವಿಯೋ ಧೂಳೋ ಬರಬಹುದೇ, ಇದು ಅದಕ್ಕೆಂದೇ ಮಾಡಿದ ಲೈಟೇ ಎಂದು ಕೇಳಿಕೊಳ್ಳಿ. ಉತ್ತರದಲ್ಲಿ ಅನುಮಾನವಿದ್ದರೆ ಕರೆಂಟು ತೆಗೆಸಿ, ಲೈಸೆನ್ಸಿನವರಿಂದ ಆ ಲೈಟು ಬಿಚ್ಚಿಸಿ, ದೂರದ ಕಂಬಕ್ಕೆ ಹಾಕಿಸಿ. ದಯವಿಟ್ಟು ಇದನ್ನು ನಾಳೆಗೆ ದೂಡಬೇಡಿ.