ಬೀಗದ ಕೈ ಯಾರ ಹತ್ರ?

ನಮ್ಮಕ್ಕನ ಮಗ ಕಡೂರಿನೋನು. ಕೆಲ್ಸ ಬೆಂಗಳೂರಲ್ಲಿ. ಹೋದ ದೀಪಾವಳಿಗೆ ತರೀಕೆರೆಗೆ ನಮ್ಮನೆಗೆ ಬಂದೋನು, ನಾನು ಚಕ್ಕುಲಿ ಕರಿಯೋ ಹೊತ್ತಲ್ಲಿ ಅಡಿಗೆಮನೆಗೇ ಬಂದು ಮಣೆ ಹಾಕ್ಕಂಡು ಕೂತ್ಕಂಡ. ಕೈಲಿ ಫೋನು.

"ಚಿಕ್ಕಮ್ಮ, ನಾನೂ ನನ್ನ ಇಬ್ರು ಸ್ನೇಹಿತ್ರೂ ಸೇರ್ಕಂಡು ಒಂದು ಆಪ್ ಮಾಡ್ತಾ ಇದೀವಿ. ಅಕ್ಕಪಕ್ಕದ ಮನೆಯೋರು ತಮಗೆ ಇಷ್ಟ ಇರೋ ವಿಷಯ ಹಿಡ್ಕಂಡು ಸಣ್ಣ ಸಣ್ಣ ಸಂಘ ಕಟ್ಕಳಕ್ಕೆ. ನೀನು ಒಂದ್ಸಲ ನೋಡಿ ಹೇಳು."

"ಎಣ್ಣೆ ಕಾದಿದೆ ಕಣೋ. ನೀನು ಓದು, ನಾನು ಉತ್ತರ ಹೇಳ್ತೀನಿ" ಅಂದೆ.

ಮೊದ್ಲನೇ ಪ್ರಶ್ನೆ, ನಿಮ್ಮ ಹವ್ಯಾಸ ಯಾವುದು? ಅದರ ಕೆಳಗೆ ಪಟ್ಟಿ. ಚಾರಣ, ಫೋಟೋಗ್ರಫಿ, ಬೋರ್ಡ್ ಗೇಮ್ಸ್, ಯೋಗ, ಸಾಕುನಾಯಿ. ಜಾಲರಿ ಕೈಲಿ ಹಿಡ್ಕಂಡು ಹಂಗೇ ನಿಂತೆ. ನಮ್ಮ ಕಡೆ ಹೆಂಗಸ್ರನ್ನ ನಿನ್ನ ಹವ್ಯಾಸ ಏನಮ್ಮ ಅಂತ ಯಾರು ಕೇಳಿದಾರೆ? ಏಳನೇ ಕ್ಲಾಸಲ್ಲಿ ಪ್ರಬಂಧ ಬರಿಯಕ್ಕೆ ಕೊಟ್ಟಿದ್ರು, ಅದೇ ಕೊನೆ. ಅಜ್ಜಂಪುರದಲ್ಲಿ ನಮ್ಮಮ್ಮ ಐವತ್ತು ವರ್ಷದಿಂದ ಕೌದಿ ಹೊಲೀತಾಳೆ. ಅದು ನಿನ್ನ ಹವ್ಯಾಸನಾ ಅಂತ ಕೇಳಿದ್ರೆ, "ಹಳೇ ಸೀರೆ ಸುಮ್ನೆ ಯಾಕೆ ಹಾಳಾಗ್ಬೇಕು" ಅಂತಾಳೆ ಅಷ್ಟೇ. ಅಮೃತ ಮಹಲ್ ಹೋರಿ ಕಂಡ್ರೆ ಊಟ ಬಿಟ್ಟು ಎದ್ದು ಹೋಗೋ ಗಂಡಸ್ರು, ಅಂತರಘಟ್ಟೆ ಜಾತ್ರೆಗೆ ಅಂತ ತಿಂಗಳು ಮುಂಚೆಯಿಂದ ಗಾಡಿ ತಯಾರು ಮಾಡೋರು, ಮದುವೆ ಮನೇಲಿ ಸೋಬಾನೆ ಶುರುವಾದ್ರೆ ನಿಲ್ಲಿಸದೇ ಇರೋ ಅಜ್ಜೀರು, ಬದನೆ, ಅವರೆ ಬೀಜ ಬೂದಿಗೆ ಹಾಕಿ ಕಟ್ಟಿಡೋರು, ಚೌಕಾಬಾರ ಆಡ್ತಾ ಸಾರು ಸೀಸೋರು. ಇವ್ರು ಯಾರೂ ಆ ಪಟ್ಟೀಲಿ ಇರ್ಲಿಲ್ಲ.

ಎರಡನೇದು, ನಿಮ್ಮ ಸುತ್ತ ಎಷ್ಟು ದೂರದವರೆಗೆ ಹುಡುಕಬೇಕು? 5 ಕಿಲೋಮೀಟರ್ ಅಂತ ಅವನೇ ಇಟ್ಟಿದ್ದ. ಬೆಂಗಳೂರಲ್ಲಿ 5 ಕಿಲೋಮೀಟರ್ ಅಂದ್ರೆ ಲಕ್ಷಾಂತರ ಜನ. ಇಲ್ಲಿ ಊರಾಚೆ ಒಂದು ಹಳ್ಳೀಲಿ ನಿಂತು 5 ಕಿಲೋಮೀಟರ್ ಗೆರೆ ಎಳೆದ್ರೆ ಒಂದು ಕೆರೆ, ಎರಡು ಅಡಿಕೆ ತೋಟ, ನಾಕು ಹಟ್ಟಿ ಸಿಗುತ್ತೆ. ಅದೂ ಅಲ್ದೆ ನಮ್ಮ ದೂರ ಕಿಲೋಮೀಟರ್ ಲೆಕ್ಕ ಅಲ್ಲ. ಬೀರೂರಲ್ಲಿ ರೈಲಿನ ಹಳಿ ಕವಲಾಗಿ ಒಂದು ತರೀಕೆರೆ, ಶಿವಮೊಗ್ಗದ ಕಡೆ ಹೋಗುತ್ತೆ, ಇನ್ನೊಂದು ಅಜ್ಜಂಪುರದ ಕಡೆ. ನಾನು ತವರಿಗೆ ರೈಲಲ್ಲಿ ಹೋಗ್ಬೇಕಂದ್ರೆ ಮೊದ್ಲು ಹಿಂದಕ್ಕೆ ಬೀರೂರಿಗೆ ಹೋಗಿ ಬೇರೆ ರೈಲು ಹಿಡೀಬೇಕು. ಬಸ್ಸಾದ್ರೆ ಕೊನೇ ಬಸ್ಸು ಎಷ್ಟು ಹೊತ್ತಿಗೆ ಅನ್ನೋದೇ ದೂರ.

ಮೂರನೇದು, ಮೊಬೈಲ್ ನಂಬರು, ಫೋಟೋ, ಆಮೇಲೆ ನಕ್ಷೇಲಿ ನಮ್ಮನೆ ಮೇಲೆ ಒಂದು ಕೆಂಪು ಚುಕ್ಕೆ. ಇದಕ್ಕೆ ನಾನು ಚಕ್ಕುಲಿ ಬಿಟ್ಟು ಅವನ ಕಡೆ ತಿರುಗಿದೆ. "ರೀಚಾರ್ಜ್ ಮಾಡ್ಸಕ್ಕೆ ಅಂಗಡೀಲಿ ನಂಬರ್ ಹೇಳೋವಾಗ್ಲೇ ಪಕ್ಕದಲ್ಲಿ ಯಾರಿದಾರೆ ಅಂತ ನೋಡಿ ಹೇಳ್ತೀವಿ ಕಣೋ. ನೀನು ಚುಕ್ಕೆ ಇಟ್ಟು ತೋರಿಸ್ತೀಯಲ್ಲ!"

ಅಮೆರಿಕದಲ್ಲಿ ನೆಕ್ಸ್ಟ್‌ಡೋರ್ ಅಂತ ಒಂದು ಆಪ್ ಇದೆಯಂತೆ, 2011ರಲ್ಲಿ ಶುರುವಾಗಿದ್ದು. ನೀವು ನಿಜವಾಗ್ಲೂ ಆ ಬೀದೀಲೇ ಇದೀರಾ ಅಂತ ಖಾತ್ರಿ ಮಾಡ್ಕಳಕ್ಕೆ ಮನೆಗೆ ಅಂಚೇಲಿ ಕಾರ್ಡ್ ಕಳ್ಸೋರಂತೆ. ಅವನು ಇದನ್ನ ದೊಡ್ಡ ಉಪಾಯ ಅಂತ ಹೇಳ್ದ. ಅಲ್ಲಿಗೆ ಸರಿ ಇರ್ಬಹುದು. ಅಲ್ಲಿ ಪಕ್ಕದ ಮನೆಯೋರು ಯಾರು ಅಂತ ಗೊತ್ತಿಲ್ಲದೇ ಇರೋದು ತೊಂದ್ರೆ. ಇಲ್ಲಿ ಯಾರ ಮಗಳು, ಯಾವ ಕೇರಿ, ಗಂಡ ಎಲ್ಲಿ ಕೆಲ್ಸ ಮಾಡ್ತಾನೆ, ಅತ್ತೆ ಜೊತೆ ಹೆಂಗಿದಾಳೆ ಅನ್ನೋದೆಲ್ಲ ಎಲ್ರಿಗೂ ಗೊತ್ತಿರೋದೇ ತೊಂದ್ರೆ. ಅದಕ್ಕೇ ಇಲ್ಲಿ ಆಪ್ ಮಾಡ್ಬೇಕಾದ ಕೆಲ್ಸ ಬೇರೆ.

ನನ್ನ ಮಾತು ಇಷ್ಟೇ. ಆಸಕ್ತಿ ಒಂದೇ ಇರೋರು ಸಿಕ್ಕಿಬಿಟ್ರೆ ಸಂಘ ಆಗಲ್ಲ. ಕೂರಕ್ಕೆ ಎಲ್ರೂ ಬರಬಹುದಾದ ಒಂದು ಜಾಗ, ತಪ್ಪದ ಒಂದು ಹೊತ್ತು, ಆ ಜಾಗದ ಬೀಗದ ಕೈ ಇಟ್ಕಂಡಿರೋ ಒಬ್ರು, ಈ ಮೂರೂ ಇದ್ರೆ ಆಗುತ್ತೆ. ಮೊದ್ಲು ಇದನ್ನ ಕೇಳೋ ಆಪ್ ಮಾಡ್ಲಿ, ಹವ್ಯಾಸದ ಪಟ್ಟಿ ಆಮೇಲೆ.

ಇದು ನಾನು ಅಡಿಗೆಮನೇಲಿ ಕೂತು ಕಂಡುಹಿಡಿದಿದ್ದಲ್ಲ. ಸ್ತ್ರೀಶಕ್ತಿ ಸಂಘಗಳು 2000-01ರಲ್ಲಿ ಶುರುವಾದಾಗ ನಮ್ಮ ಬೀದೀಲೂ ಒಂದು ಆಯ್ತು. 15ರಿಂದ 20 ಜನ ಒಂದು ಗುಂಪು, ವಾರಕ್ಕೊಂದು ಸಭೆ, ಒಂದು ಲೆಕ್ಕದ ಪುಸ್ತಕ. ಒಟ್ಟು ಸೇರಿಸ್ತಾ ಇದ್ದಿದ್ದು ಅಂಗನವಾಡಿ ಟೀಚರಮ್ಮ. ಅಂಗನವಾಡಿ ಬೀಗದ ಕೈ ಅವರ ಸೊಂಟದಲ್ಲಿ. ಓದು ಬರದೇ ಇರೋರೂ ಬಂದು ಕೂತ್ಕಳೋರು. ಯಾಕೆ ಅಂದ್ರೆ ಜಾಗ ಗೊತ್ತು, ಹೊತ್ತು ಗೊತ್ತು, "ಎಲ್ಲಿಗೆ ಹೊರಟೆ?" ಅಂತ ಮನೇಲಿ ಕೇಳಿದ್ರೆ ಹೇಳಕ್ಕೆ ಒಂದು ಮಾತು ಇತ್ತು. ಆ ಕೊನೇದು ಬಹಳ ದೊಡ್ಡದು ಕಣ್ರೀ. ಸಾಲ ತಗಳಕ್ಕೆ ಅಂದ್ರೆ ಮನೇಲಿ ಬಿಡ್ತಾರೆ. ಹಾಡಕ್ಕೆ, ಆಡಕ್ಕೆ ಅಂದ್ರೆ "ಈ ವಯಸ್ಸಲ್ಲಿ ಇದೊಂದು ಬೇರೆನಾ?" ಅಂತಾರೆ.

ಶಿವಮೊಗ್ಗದ ಆಚೆ ಸಾಗರದ ಹೆಗ್ಗೋಡು ನೋಡಿ. ಹಳ್ಳಿಯ ನಾಕು ಜನ 1949ರಲ್ಲಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಅಂತ ಕಟ್ಟಿದ್ರು, ನೀನಾಸಂ. ಅಡಿಕೆ ತೋಟದ ಊರಲ್ಲಿ 1973ರಲ್ಲಿ ಸಿನಿಮಾ ನೋಡೋ ಸಂಘನೂ ಆಯ್ತು. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂತು. ಜನಕ್ಕೆ ನಾಟಕದ ಆಸೆ ಎಲ್ಲಾ ಊರಲ್ಲೂ ಇತ್ತು, ನಮ್ಮ ಅಜ್ಜಂಪುರಕ್ಕೂ ಆ ಹುಚ್ಚು ಹಳೇದೇ. ಆದ್ರೆ ವರ್ಷ ವರ್ಷ ನಡೆಯಕ್ಕೆ ಯಾರಾದ್ರೂ ಚಾಪೆ ಹಾಸಿ, ಬಾಗಿಲು ತೆಗೆದು ಕಾಯ್ತಾ ಕೂರ್ಬೇಕು. ಕಾಗದಕ್ಕೆ ಏನೂ ಕಷ್ಟ ಇಲ್ಲ, 1960ರ ಕಾಯಿದೆ ಪ್ರಕಾರ ಸಂಘ ನೋಂದಾಯಿಸಕ್ಕೆ 7 ಜನ ಇದ್ರೆ ಸಾಕು.

ಹಂಗಂತ ಹಳೇ ಸಂಘಗಳೇ ಚೆನ್ನಾಗಿದ್ವು, ಆಪ್ ಬೇಡ ಅಂತ ನಾನು ಹೇಳ್ತಿಲ್ಲ. ಇಲ್ಲೊಂದು ಒಪ್ಕಳ್ಳೇಬೇಕಾದ ಮಾತಿದೆ. ನಮ್ಮ ಬೀದಿ ಭಜನಾ ಮಂಡಳೀಲಿ ನಾನು ಹದಿನಾಕು ವರ್ಷದಿಂದ ಇದೀನಿ. ಎಲ್ಲಾ ಒಂದೇ ಜಾತಿಯೋರು. ಬೋರ್ಡ್ ಮೇಲೆ ಹಂಗಂತ ಬರೆದಿಲ್ಲ, ಯಾರೂ ಯಾರನ್ನೂ ಬರಬೇಡ ಅಂದಿಲ್ಲ. ಆದ್ರೆ ಸರದಿ ಮೇಲೆ ಒಬ್ಬೊಬ್ಬರ ಮನೇಲಿ ಕೂರ್ತೀವಲ್ಲ, ಅಲ್ಲೇ ತೀರ್ಮಾನ ಆಗೋಗುತ್ತೆ. ಯಾರ ಮನೆ ಒಳಗೆ ಯಾರು ಬರ್ತಾರೆ, ಯಾರ ಲೋಟದ ಕಾಫಿ ಯಾರು ಕುಡೀತಾರೆ. ಇದು ಗೊತ್ತಿದ್ದೂ ಹದಿನಾಕು ವರ್ಷ ನಾನು ಬಾಯಿ ಬಿಟ್ಟಿಲ್ಲ.

ನಮ್ಮಮ್ಮನ ವಿಷಯಕ್ಕೆ ಬರ್ತೀನಿ. ಅಪ್ಪ ಹೋಗಿ ಎರಡು ವರ್ಷ. ಅಮ್ಮಂಗೆ 72. ನಮ್ಮ ಮನೆಗೆ ಬಾ ಅಂದ್ರೆ ಬರಲ್ಲ, ಅಜ್ಜಂಪುರದ ಮನೇಲೇ ಇರ್ತೀನಿ ಅಂತಾಳೆ. ಸಂಜೆ ಫೋನ್ ಮಾಡಿದ್ರೆ, "ಇವತ್ತು ಯಾರ ಹತ್ರನೂ ಮಾತಾಡ್ಲಿಲ್ಲ ಕಣೇ, ನೀನೇ ಮೊದ್ಲು" ಅಂತಿದ್ಲು. ಆ ಮಾತು ಕೇಳಿದ್ ಮೇಲೆ ನಂಗೆ ಅನ್ನ ಸೇರ್ತಿರ್ಲಿಲ್ಲ. ದೀಪಾವಳಿ ಮುಗಿಸ್ಕಂಡು ಅಜ್ಜೀನ ನೋಡಕ್ಕೆ ಹೋದೋನು ಅವಳ ಹೆಸ್ರಲ್ಲಿ ಕೌದಿ ಅಂತ ಹಾಕ್ದ. "ನಿಮ್ಮ ಹತ್ತಿರ ಯಾರೂ ಇಲ್ಲ, ನೀವೇ ಮೊದಲಿಗರಾಗಿ" ಅಂತ ಬಂತು. ಅಮ್ಮ ಏನಂದ್ಲು ಗೊತ್ತಾ? "ಯಾರೂ ಇಲ್ಲ ಅಂತ ನಂಗೇ ಗೊತ್ತಲ್ಲೋ ಮಗ. ಅದನ್ನ ಹೇಳಕ್ಕೆ ಫೋನ್ ಬೇಕಿತ್ತಾ?"

ಆದ್ರೆ ಯಾರೂ ಇಲ್ಲ ಅನ್ನೋದು ಸುಳ್ಳು. ಒಂದು ತಿಂಗಳಾದ್ ಮೇಲೆ ಪಿಂಚಣಿ ತಗಳಕ್ಕೆ ಅಂತ ಪೋಸ್ಟಾಫೀಸಲ್ಲಿ ಸಾಲು ನಿಂತಾಗ ಮುಂದಿದ್ದ ಹೆಂಗಸಿನ ಕೈಲಿ ಚೂರು ಚೂರು ಬಟ್ಟೆ ಸೇರಿಸಿ ಹೊಲಿದ ಚೀಲ ಇತ್ತಂತೆ. ಅಮ್ಮ ಹೊಲಿಗೆ ಮುಟ್ಟಿ ನೋಡಿದಾಳೆ. ಯಾರು ಹೊಲ್ದಿದ್ದು ಅಂತ ಕೇಳಿದಾಳೆ. ನಾನೇ ಅಂದ್ರಂತೆ. ಮೂರು ಬೀದಿ ಆಚೆ ಮನೆ. ಮೂವತ್ತು ವರ್ಷದಿಂದ ಅಲ್ಲೇ ಇದಾರೆ. ಆಕೆ ಬೇರೆ ಕೇರಿ. "ಮನೆಗೆ ಬಾ ಅಂತ ಕರೆದ್ಯಾ?" ಅಂತ ನಾನು ಫೋನಲ್ಲಿ ಕೇಳ್ದೆ. ಅಮ್ಮ ಸುಮ್ನಾದ್ಲು. "ಅವ್ರೂ ಕರೀಲಿಲ್ಲ" ಅಂದ್ಲು. ಬೈಯ್ಯಕ್ಕೆ ಬಾಯಿ ತೆಗ್ದೆ, ನನ್ನ ಭಜನಾ ಮಂಡಳಿ ನೆನಪಾಯ್ತು, ಬಾಯಿ ಮುಚ್ಕಂಡೆ.

ಕೊನೆಗೆ ದಾರಿ ಮಾಡಿದ್ದು ಶಾಲೆ ಆಯಮ್ಮ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಜಗಲಿ ಖಾಲಿ. ಗೇಟಿನ ಬೀಗದ ಕೈ ಆಯಮ್ಮನ ಹತ್ರ. ಹೆಡ್‌ಮಾಸ್ಟರನ್ನ ಕೇಳಿ, ಮೂರು ಗಂಟೆಗೆ ಬರ್ರಿ ಅಂದ್ರು. ಶಾಲೆ ಯಾರ ಮನೇನೂ ಅಲ್ಲ. ಮೊದಲ ನಾಕು ವಾರ ಎಲ್ರೂ ತಂತಮ್ಮ ಬಾಟ್ಲಿ ನೀರು ತಗಂಡೋಗ್ತಿದ್ರು. ಐದನೇ ವಾರ ಮಳೆ ಹಿಡ್ಕಂಡು ಯಾರೂ ಹೊರಡಕ್ಕೆ ಆಗ್ಲಿಲ್ಲ. ಆಯಮ್ಮ ಮಂಡಕ್ಕಿ ತಂದು ಒಂದೇ ಪೇಪರ್ ಮೇಲೆ ಸುರಿದ್ರು, ಆಕೆ ಕಡ್ಲೆ ಚಟ್ನಿಪುಡಿ ಕಲ್ಸಿದ್ರು, ಎಲ್ರೂ ತಿಂದ್ರು. ಅಮ್ಮನೂ ತಿಂದ್ಲು. ಚಟ್ನಿಪುಡಿಗೆ ಹುಣಸೆಹಣ್ಣು ಜಾಸ್ತಿಯಾಗಿತ್ತು ಅಂತ ನಂಗೆ ಫೋನಲ್ಲಿ ಹೇಳಿದ್ಲು. ಇದನ್ನ ಕ್ರಾಂತಿ ಅಂತ ನಾನು ಹೇಳಲ್ಲ. ಒಬ್ರ ಮನೆಗೆ ಒಬ್ರು ಇನ್ನೂ ಹೋಗಿಲ್ಲ. ಈಗ ಐದು ಜನ ಇದಾರೆ. ಶನಿವಾರ ಸಂಜೆ ಫೋನ್ ಮಾಡಿದ್ರೆ ಮಾತ್ರ ಅಮ್ಮಂಗೆ ಪುರುಸೊತ್ತಿಲ್ಲ.

ಇದನ್ನ ಅಕ್ಕನ ಮಗಂಗೆ ಹೇಳ್ದೆ. "ನೋಡು, ಆಪ್ ಇಲ್ದೇನೇ ಆಯ್ತು" ಅಂತ ಸ್ವಲ್ಪ ಗೆದ್ದ ಹಂಗೇ ಹೇಳ್ದೆ ಅನ್ನಿ. ಅವನು ಒಂದು ನಿಮಿಷ ಬಿಟ್ಟು, "ಚಿಕ್ಕಮ್ಮ, ಪೋಸ್ಟಾಫೀಸ್ ಸಾಲಲ್ಲಿ ಸಿಕ್ಕಿದ್ದು ಅದೃಷ್ಟ. ಮೂವತ್ತು ವರ್ಷ ಸಿಕ್ಕಿರ್ಲಿಲ್ಲವಲ್ಲ. ಹಂಗೆ ಸಿಗದೇ ಇರೋರು ಎಷ್ಟು ಜನ ಇರ್ಬಹುದು?" ಅಂದ. ನಂಗೆ ಉತ್ತರ ತೋಚ್ಲಿಲ್ಲ. ಹುಡುಗ ಹೇಳಿದ್ದು ಸರಿ. ಕೇರಿ ದಾಟಿ ಹುಡ್ಕೋದು ಬಾಯಿಮಾತಿಗೆ ಆಗಲ್ಲ, ಬಾಯಿಮಾತು ಕೇರಿ ಒಳಗೇ ಸುತ್ತುತ್ತೆ. ಫೋನಿಗೆ ಕೇರಿ ಗೊತ್ತಿಲ್ಲ. ಆಪಿಂದ ಏನಾದ್ರೂ ಉಪಕಾರ ಆಗೋದಾದ್ರೆ ಇಲ್ಲೇ.

ಹಂಗಾಗಿ ಈಗ ನಾನು ಅವನಿಗೆ ಹೇಳಿರೋದು ಇಷ್ಟು. ಆಪ್ ತೆಗೆದ ಕೂಡ್ಲೇ ಊರಲ್ಲಿ ಖಾಲಿ ಬೀಳೋ ಸಾರ್ವಜನಿಕ ಜಾಗಗಳು ಕಾಣ್ಬೇಕು. ಗ್ರಂಥಾಲಯ, ಶಾಲೆ ಜಗಲಿ, ಅಂಗನವಾಡಿ, ಸಮುದಾಯ ಭವನ. ಯಾವ ದಿನ, ಯಾವ ಹೊತ್ತು, ಯಾರು ಬಾಗಿಲು ತೆಗೀತಾರೆ. ಮೊದಲ ಮೂರು ಸಲ ಯಾರ ಮನೇಲೂ ಸೇರೋ ಹಂಗಿಲ್ಲ. ನಂಬರು, ಫೋಟೋ, ಮನೆ ಮೇಲೆ ಚುಕ್ಕೆ ಬೇಡ. "ಶನಿವಾರ ಮೂರಕ್ಕೆ ಕೌದಿ, ನಾಕು ಜನ ಬರ್ತಾರೆ" ಅಂತ ಇದ್ರೆ ಸಾಕು, ಹೆಸರು ಹೋಗಿ ಕೇಳ್ಕಂಡ್ರಾಯ್ತು. ಟೈಪ್ ಮಾಡಕ್ಕೆ ಬರದೇ ಇರೋರು ಬಾಯಲ್ಲಿ ಹೇಳಿದ್ರೆ ಅದೇ ಬರ್ಕಬೇಕು, ಹವ್ಯಾಸ ಅನ್ನೋ ಪದ ಎಲ್ಲೂ ಬರಬಾರ್ದು.

ಇನ್ನೊಂದು, ದುಡ್ಡಿಂದು. ನ್ಯೂಯಾರ್ಕಲ್ಲಿ 2002ರಲ್ಲಿ ಶುರುವಾದ ಮೀಟಪ್ ಅನ್ನೋದು ಇಂಥದ್ದೇ ಕೆಲ್ಸಕ್ಕಂತೆ. ಅಮೆರಿಕದ ಜನ ಒಟ್ಟಿಗೆ ಸೇರೋದು ಕಮ್ಮಿಯಾಗ್ತಿದೆ ಅಂತ ರಾಬರ್ಟ್ ಪುಟ್ನಂ ಬರೆದ 'ಬೌಲಿಂಗ್ ಅಲೋನ್' ಅನ್ನೋ ಪುಸ್ತಕ ಓದಿ ಹುಟ್ಟಿದ್ ಯೋಚನೆ ಅಂತೆ. 2005ರಲ್ಲಿ ಅವ್ರು ದುಡ್ಡು ಹಾಕಿದ್ದು ಗುಂಪು ನಡೆಸೋರ ಮೇಲೆ. ಬಹಳ ಗುಂಪು ಬಿಟ್ಟು ಹೋದ್ವು. ಅಂದ್ರೆ ಚಾಪೆ ಹಾಸೋಳೂ ಅವಳೇ, ಕಸ ಗುಡಿಸೋಳೂ ಅವಳೇ, ದುಡ್ಡು ಕಟ್ಟೋಳೂ ಅವಳೇ. ನಮ್ಮ ಆಯಮ್ಮಂಗೆ ಹಿಂಗೆ ಅಂದ್ರೆ ಬೀಗದ ಕೈ ಬಾವಿಗೆ ಎಸೀತಾರೆ. ದುಡ್ಡು ಎಲ್ಲಿಂದಾದ್ರೂ ಬರ್ಲಿ, ಬೀಗ ತೆಗಿಯೋರ ಕೈಗೆ ಒಂದಿಷ್ಟು ಹೋಗ್ಬೇಕು, ಅವರ ಕೈಯಿಂದ ಬರಬಾರ್ದು.

"ದುಡ್ಡು ಹಾಕೋರು ಎಷ್ಟು ಜನ ಡೌನ್‌ಲೋಡ್ ಮಾಡಿದ್ರು ಅಂತ ಕೇಳ್ತಾರೆ ಚಿಕ್ಕಮ್ಮ" ಅಂದ.

"ಐದನೇ ವಾರ ಎಷ್ಟು ಜನ ಬಂದ್ರು ಅಂತ ಹೇಳು ಅವ್ರಿಗೆ" ಅಂದೆ.

ಅವನು ಒಪ್ಪಿದ್ನೋ ಇಲ್ವೋ ಗೊತ್ತಿಲ್ಲ, ಬರ್ಕಂಡ ಅಂತೂ ಹೌದು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಖಾಲಿ ಜಗಲಿ ಎಲ್ಲೆಲ್ಲಿದೆ, ಕೈ ಯಾರ ಹತ್ರ ಇದೆ ಅಂತ ಪಟ್ಟಿ ಮಾಡ್ಕೊಡು ಅಂತ ನನ್ನ ತಲೆಗೇ ಕಟ್ಟಿದಾನೆ. ತರೀಕೇರೇದು ಅರ್ಧ ಆಗಿದೆ. ಬರೀತಾ ಬರೀತಾ ನಮ್ಮ ಭಜನಾ ಮಂಡಳಿ ನೆನಪಿಗೆ ಬರ್ತಾನೇ ಇದೆ. ಮುಂದಿನ ತಿಂಗಳು ಸರದಿ ನಮ್ಮ ಮನೇದು. ಮನೆ ಬೇಡ, ಹತ್ರದ ಸಮುದಾಯ ಭವನದಲ್ಲಿ ಕೂರಾಣ, ಬರೋರು ಯಾರು ಬೇಕಾದ್ರೂ ಬರ್ಲಿ ಅಂತ ಹೇಳ್ಬೇಕು ಅಂತಿದೀನಿ. ಹದಿನಾಕು ವರ್ಷ ಹೇಳದೇ ಇದ್ದಿದ್ದು ಬಾಯಿಗೆ ಅಷ್ಟು ಸಲೀಸಾಗಿ ಬರಲ್ಲ. ಕೈ ಯಾರ ಹತ್ರ ಇದೆ ಅಂತ ಕೇಳಿ ಇಟ್ಟಿದೀನಿ.